ಕೈ ತೊಳೆಯುವ ಗೋಡೆಯ ಹಲ್ಲಿಗಳು

ವೇಲಚೇರಿ, ಚೆನ್ನೈ
೧೭ ಆಗಸ್ಟ್ ೨೦೨೫, ಭಾನುವಾರ

ಪ್ರೀತಿಯ ಮಗಳು ವೀಕ್ಷಾಳಿಗೆ,

ಹೇಗಿದ್ದೀ ಮಗಾ? ಕಾಲಿಗೆ ಜಿಗಣೆ ಕಚ್ಚಿದ ಗಾಯ ಮಾಗಿತೇ? ಅಂಡಮಾನಿನ ಮಳೆಯಲ್ಲಿ ಆ ಹಸಿರು ಹಲ್ಲಿಗಳ ಹಿಂದೆ ಓಡುವ ಭರದಲ್ಲಿ ಊಟ ಬಿಡಬೇಡ. ನಿನ್ನ ಜೊತೆ ಓದುವ ಗಗನಾ ನಾಳೆ ಅಲ್ಲಿಗೆ ವಿಮಾನ ಹತ್ತುತ್ತಾಳಲ್ಲ, ಅವಳ ಕೈಯಲ್ಲಿ ಚಟ್ನಿಪುಡಿಯ ಜೊತೆ ಈ ಪತ್ರವನ್ನೂ ಕಳಿಸುತ್ತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಹೇಳಲೆಂದು ಬಾಯಿ ತೆರೆದಾಗಲೆಲ್ಲ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಟ್ಟೆ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ. ಹೋಟೆಲು ನಡೆಯುತ್ತಿದೆ. ಚೆನ್ನಾಗಿಲ್ಲದಿರುವುದು ನಿನ್ನ ಗೋಡೆ ಮಾತ್ರ.

ಹೋದ ತಿಂಗಳು ನೀನು ಫೋನ್ ಮಾಡಿ, ಹೋಟೆಲಿನ ಹಿಂದೆ ಕೈ ತೊಳೆಯುವ ಗೋಡೆಯ ಹಲ್ಲಿಗಳು ಹೇಗಿವೆ ಎಂದು ಕೇಳಿದೆ. ಬಹಳ ಕಡಿಮೆಯಾಗಿವೆ ಎಂದು ನಾನು ಹೇಳಿದೆ. "ಹಿಂದಿನ ಬೀದಿಗೆ ಎಲ್‌ಇಡಿ ದೀಪ ಹಾಕಿದ್ರಾ ಅಪ್ಪಾ?" ಎಂದು ನೀನು ಕೇಳಿದೆ. ನಾನು ಹೂಂ ಎಂದೆ. ಹಾಕಿದ್ದು ನಿಜವೇ. ಆಗ ನಿನಗೆ ಎಷ್ಟು ಖುಷಿ! ಹೊಸ ದೀಪಕ್ಕೆ ಹುಳ ಬರುವುದು ಕಡಿಮೆ, ಹುಳವಿಲ್ಲದೆ ಹಲ್ಲಿಗಳು ಜಾಗ ಬಿಟ್ಟಿವೆ, ನಾನು ಅಂದುಕೊಂಡದ್ದೇ ಸರಿಯಾಯಿತು ಎಂದು ನೀನು ಒಂದೇ ಉಸಿರಿಗೆ ಹೇಳಿದೆ. ಪಿಎಚ್‌ಡಿಯ ಕೊನೆಯ ಅಧ್ಯಾಯಕ್ಕೆ ಅದೇ ಸಾಕು ಎಂದೂ ನೀನೇ ಹೇಳಿದೆ. ನಿಜ ಹೇಳಿ ಮಗಳ ಖುಷಿ ಯಾಕೆ ಕೆಡಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನೆಪವೇ ಮಗಾ, ನನಗೆ ಹೆದರಿಕೆಯಾಗಿತ್ತು.

ನಡೆದದ್ದು ಇಷ್ಟು. ನೀನು ಹೊರಟ ಮರುವಾರ, ಮಧ್ಯಾಹ್ನದ ಊಟದ ಗಡಿಬಿಡಿಯಲ್ಲಿ, ಒಂದು ಹಲ್ಲಿ ಮಾಡಿನಿಂದ ಟೇಬಲ್ಲಿನ ಪಕ್ಕ ಬಿತ್ತು. ಬಿದ್ದದ್ದು ನೆಲಕ್ಕೆ. ಆದರೆ ಒಬ್ಬ ಹೆಂಗಸು "ಪಲ್ಲಿ! ಪಲ್ಲಿ!" ಎಂದು ಕೂಗಿದಳು, ಆಚೆಯವನು ಮೊಬೈಲ್ ಎತ್ತಿದ. ಇಡ್ಲಿ ಗಟ್ಟಿಯಾದರೆ ಗಿರಾಕಿ ಬೈದು ನಾಳೆ ಮತ್ತೆ ಬರುತ್ತಾನೆ. ಸಾಂಬಾರಿಗೆ ಹಲ್ಲಿ ಬಿತ್ತು ಎಂಬ ಸುದ್ದಿ ಹಬ್ಬಿದರೆ ಹೋಟೆಲಿನವನು ಬಾಗಿಲು ಹಾಕಿಕೊಳ್ಳುವುದೇ. ಸಂಜೆಯೇ ಕೀಟ ಹೊಡೆಯುವವರನ್ನು ಕರೆಸಿದೆ. ಅವರು ಅಡುಗೆಮನೆಗೆಲ್ಲ ಹಲ್ಲಿ ಸಿಕ್ಕಿಕೊಳ್ಳುವ ಅಂಟುಹಲಗೆ ಇಟ್ಟು, ಹಿಂದೆ ಬಂದು "ಇಂದ ಸುವರುಮಾ ಸಾರ್?" ಎಂದು, ಈ ಗೋಡೆಗೂ ಇಡಬೇಕೇ ಎಂಬಂತೆ, ನಿನ್ನ ಗೋಡೆಯನ್ನು ತೋರಿಸಿದರು. ಮುಟ್ಟಬೇಡಿ ಅಪ್ಪಾ ಎಂದು ನೀನು ಹೇಳಿ ಹೋದದ್ದೂ, ನಾನು ತಲೆಯಾಡಿಸಿದ್ದೂ ನೆನಪಿತ್ತು. ಆದರೂ, ಎರಡು ವರ್ಷ ಪ್ರತಿ ಸಂಜೆ ನೀನು ಕೂತು ನೋಡುತ್ತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ನಾನೇ ಎತ್ತಿ ಪಕ್ಕಕ್ಕಿಟ್ಟು ಅವರಿಗೆ ಜಾಗ ಮಾಡಿಕೊಟ್ಟೆ.

ಮರುದಿನ ಬೆಳಿಗ್ಗೆ ಆ ಗೋಡೆಯ ಹಲಗೆಗಳನ್ನು ಕಣ್ಣಿಂದ ನೋಡಲಾಗಲಿಲ್ಲ. ಟ್ಯೂಬ್‌ಲೈಟಿನ ಹಿಂದೆ ಕೂತು, ಬಾಯಿಯ ಹತ್ತಿರ ಬಂದದ್ದನ್ನು ಮಾತ್ರ ತಿನ್ನುತ್ತಾನೆಂದು ನೀನು ನಿನ್ನ ಅಣ್ಣ ಸೂರಜನ ಹೆಸರಿಟ್ಟಿದ್ದೆಯಲ್ಲ, ಆ ದಪ್ಪ ಹಲ್ಲಿಯೂ ಸತ್ತಿತ್ತು. ಒಂದೇ ಒಂದಕ್ಕೆ ಜೀವವಿತ್ತು. ಅಮ್ಮ ತಲೆಗೆ ಹಚ್ಚುವ ತೆಂಗಿನೆಣ್ಣೆ ತಂದು, ಬೆರಳಿನಿಂದ ಸ್ವಲ್ಪಸ್ವಲ್ಪವೇ ಸವರಿ ಬಿಡಿಸಿದೆ. ಬಾಲ ಅಲ್ಲೇ ಉಳಿಯಿತು, ಅದು ಬೇಸಿನ್ನಿನ ಕೆಳಗೆ ಓಡಿಹೋಯಿತು. ಹಲಗೆಗಳನ್ನೆಲ್ಲ ಕಿತ್ತು ಬಿಸಾಡಿದೆ. ಆಮೇಲೆ ಬಿಸಾಡಿ ಏನು ಬಂತು?

ಹಲ್ಲಿ ಲೊಚಗುಟ್ಟಿದರೆ ಅಮ್ಮ ನೆಲಕ್ಕೆ ಬೆರಳು ತಟ್ಟಿ "ಕಂಡ್ರಾ, ನಾನು ಹೇಳಿದ್ದು ಸತ್ಯ" ಎನ್ನುತ್ತಿದ್ದಳು. ನೀನು ನಗುತ್ತಿದ್ದೆ. ಅದು ನಮಗೆ ಹೇಳುವುದಲ್ಲ ಅಮ್ಮಾ, ಇದು ನನ್ನ ಜಾಗ ಎಂದು ಪಕ್ಕದ ಹಲ್ಲಿಗೆ ಹೇಳುವುದು ಎಂದು ಬಿಡಿಸಿ ಹೇಳುತ್ತಿದ್ದೆ. ಈಗ ಅಮ್ಮನ ಮಾತಿಗೆ ಹೂಂಗುಟ್ಟುವವನು ನಾನೊಬ್ಬನೇ. ಆ ಮೊಂಡುಬಾಲದ ಹಲ್ಲಿ ಸಂಜೆ ಗೋಡೆಗೆ ಬರುತ್ತದೆ. ಹುಳ ಹಿಡಿಯುತ್ತದೆ, ಆದರೆ ಲೊಚಗುಟ್ಟುವುದೇ ಇಲ್ಲ. ಹೇಳಿಕೊಳ್ಳಲು ಪಕ್ಕದವರು ಯಾರಿದ್ದಾರೆ? ಕೆಲಸ ಮುಗಿಸಿ ನಿನ್ನ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತೇನೆ.

ಅಮ್ಮನ ಆಶೀರ್ವಾದ ನಿನಗೆ ಸದಾ ಇದೆ. ಕಾಡಿನಲ್ಲಿ ಒಬ್ಬಳೇ ಹೋಗಬೇಡ ಎಂದು ಬರೆಯಲು ಹೇಳಿದ್ದಾಳೆ. ಸೂರಜ್ ಕೇಳಿದನೆಂದು ತಿಳಿ.

ನಿನ್ನ ಅಪ್ಪ,
ಶೀನ

ಇನ್ನೊಂದು ಮಾತು: ಗಗನಾ ಕೆಳಗೆ ಕಾಫಿ ಮುಗಿಸಿ ಕಾಯುತ್ತಿದ್ದಾಳೆ. ಆ ಅಧ್ಯಾಯ ಈ ತಿಂಗಳೇ ಕೊಡಬೇಕಂತೆ, ಅವಳು ಈಗಷ್ಟೇ ಹೇಳಿದಳು. ಹಾಗೇ ಕೊಡಬೇಡ. ಅಂಟು ಇಟ್ಟದ್ದು ಮೊದಲು, ದೀಪ ಬಂದದ್ದು ಆಮೇಲೆ. ಹಲ್ಲಿಗಳು ಜಾಗ ಬಿಡಲಿಲ್ಲ ಮಗಾ. ಹೋಟೆಲಿನವನು ಕೊಲ್ಲಿಸಿದ ಎಂದು ಬರೆ, ಅವನು ನಿನ್ನ ಅಪ್ಪ ಎಂದೂ ಬರೆ. ನನ್ನ ಹತ್ತಿರ ಮಾತಾಡಲು ಮನಸ್ಸಾಗದಿದ್ದರೆ ಅಮ್ಮನಿಗೆ ಫೋನ್ ಮಾಡು. ನಾನು ಅಲ್ಲೇ ಪಕ್ಕದಲ್ಲಿ ಕೂತಿರುತ್ತೇನೆ.