ಐದಕ್ಕೆ ಇಪ್ಪತ್ತು ನಿಮಿಷ ಇರುವಾಗ

ಸೋಮವಾರ, ತಾರೀಖು ಹದಿನಾಲ್ಕು
ಬೆಳಗಿನ ಚಹಾ ಆದ ಮೇಲೆ

ನನ್ನ ಸಾಸಿವೆ ಕಾಳಿಗೆ,

ನಿನ್ನ ಸೋದರಮಾವನ ಒಂದು ಮೂಟೆ ಪ್ರೀತಿ. ನನ್ನ ಎಡಮೊಣಕಾಲು ಬಿಟ್ಟರೆ ಇಲ್ಲಿ ಎಲ್ಲವೂ ಚೆನ್ನಾಗಿದೆ. ಒಂದೇ ಕೊಠಡಿಯಲ್ಲಿ ನಾಲ್ಕು ಕ್ಲಾಸು ನಡೆಯುತ್ತಿದ್ದ ಹಳ್ಳಿ ಶಾಲೆಯಲ್ಲಿ ಏಳನೆಯವರೆಗೆ ಓದಿದವನ ಕಾಗದ ಇದು, ತಪ್ಪಿದ್ದರೆ ತಿದ್ದಿಕೊಂಡು ಓದು. ಅಕ್ಷರ ದುಂಡಗಿದೆಯೆಂದು ಮೇಷ್ಟ್ರು ನನ್ನ ಸ್ಲೇಟನ್ನು ಇಡೀ ಶಾಲೆಗೆ ತೋರಿಸಿದ್ದರು ಎಂಬುದನ್ನೂ ಮರೆಯಬೇಡ.

ನಿನ್ನೆ ನಮ್ಮ ಬಡಾವಣೆಯ ಮೇಳ ಆಯಿತು. ನೀನು ಇಲ್ಲಿದ್ದಾಗ ಆಗುತ್ತಿದ್ದ ಹಾಗೇ, ಶಾಲೆಯ ಮೈದಾನದಲ್ಲಿ. ಈ ಸಲದ ಹಣ ಲೈಬ್ರರಿಯ ಸೋರುವ ಮಾಡಿಗೆ, ದವಾಖಾನೆಯ ಗಾಲಿಕುರ್ಚಿಗಳಿಗೆ, ಮತ್ತೆ ಒಂಟಿ ಮುದುಕರನ್ನು ಮನೆಮನೆಯಿಂದ ಹತ್ತಿಸಿಕೊಂಡು ಬಂದು ಸಂಜೆ ವಾಪಸು ಬಿಡುವ ಒಂದು ವ್ಯಾನಿಗೆ. ಹಳೆ ಪುಸ್ತಕದ ಮೇಜು, ಸಸಿಗಳು, ಕೇಕಿನ ತೂಕ ಊಹಿಸುವ ಆಟ, ಎಲ್ಲ ಇತ್ತು. ಆದರೆ ಜನ ಮುಗಿಬಿದ್ದದ್ದು ನಿನ್ನ ಮಾವನ ಮುಂದೆ. ನಾನು ಮಾರುತ್ತಿದ್ದ ಸರಕು ಏನು ಗೊತ್ತೇ? ನನ್ನ ಮೌನ.

ಇದು ಟೈಲರನ ಕಿತಾಪತಿ. ಮೇಳದ ಸಭೆಯಲ್ಲಿ ನಾನು ಅವನ ಮಾತಿನ ನಡುವೆ ಒಂಬತ್ತು ಸಲ ಬಾಯಿ ಹಾಕಿದೆನಂತೆ. ಅವನು ಟೇಪು ಕೊರಳಿಗೆ ಸುತ್ತಿಕೊಂಡು ಎದ್ದು ನಿಂತು, "ಈ ಕಂಡಕ್ಟರು ಒಂದು ದಿನ ಬಾಯಿ ಮುಚ್ಕೊಂಡಿದ್ರೆ ವ್ಯಾನಿನ ನಾಲ್ಕೂ ಚಕ್ರದ ದುಡ್ಡು ನಾನೊಬ್ಬನೇ ಕೊಡ್ತೀನಿ" ಅಂದ. ಎಲ್ಲರೂ ನಕ್ಕರು. ಆಮೇಲೆ ಔಷಧಿ ಅಂಗಡಿಯವನು ನಾನೂ ಕೊಡ್ತೀನಿ ಅಂದ, ಅಂಚೆಯಮ್ಮ ನಾನೂ ಅಂದಳು. ಮೂವತ್ತೊಂದು ವರ್ಷ ಬಸ್ಸಿನಲ್ಲಿ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗಿದ ಗಂಟಲಿಗೆ ಇಷ್ಟು ಬೆಲೆ ಇದೆಯೆಂದು ನನಗೇ ಗೊತ್ತಿರಲಿಲ್ಲ.

ಕಟ್ಟಳೆ ಹೀಗೆ: ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಒಂದು ಮಾತೂ ಆಡಬಾರದು, ಬರೆದೂ ತೋರಿಸಬಾರದು. ತಲೆಯಾಡಿಸಬಹುದು. ಐದರೊಳಗೆ ಬಾಯಿ ಬಿಟ್ಟರೆ ಯಾರೂ ಏನೂ ಕೊಡಬೇಕಾಗಿಲ್ಲ. ಕಾವಲಿಗೆ ನಿನ್ನ ಹಳೆಯ ಹೆಡ್‌ಟೀಚರಮ್ಮ, ಕೊರಳಲ್ಲಿ ಸೀಟಿ, ಕೈಯಲ್ಲಿ ಗಡಿಯಾರ. ನನ್ನನ್ನು ಒಂದು ಎತ್ತರದ ಹಲಗೆಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಹಿಂದೆ ಬೋರ್ಡು ತೂಗುಹಾಕಿದರು: "ಇವರು ಇಂದು ಮಾತನಾಡುವುದಿಲ್ಲ. ನಂಬದವರು ಮುಟ್ಟಿ ನೋಡಬಹುದು."

ಮೊದಲ ಎರಡು ಗಂಟೆ ಲೀಲಾಜಾಲ. ಆಮೇಲೆ ಶುರುವಾಯಿತು ನೋಡು. ಔಷಧಿಯವನು ನನ್ನೆದುರಿಗೇ ನಿಂತು, ನನ್ನದೇ ಕಥೆಗಳನ್ನು ಬೇಕಂತಲೇ ತಪ್ಪುತಪ್ಪಾಗಿ ಹೇಳತೊಡಗಿದ. ನನ್ನ ಬಸ್ಸಿನ ಡ್ರೈವರು ಬಂದ. ಅದೇ, ಬ್ರೇಕು ಹೋದ ದಿನ ನಾನು ಹಿಂದಿನಿಂದ ಓಡಿಬಂದು ಗೇರು ಹಾಕಿ ಬಸ್ಸು ನಿಲ್ಲಿಸಿದೆನಲ್ಲ, ಆ ಡ್ರೈವರು. ಅವನು ಹತ್ತಾರು ಜನರ ಮುಂದೆ, "ಆವತ್ತು ಇವನು ಕೊನೇ ಸೀಟಿನ ಕೆಳಗೆ ತೂರ್ಕೊಂಡಿದ್ದ, ಎಳೆದು ಹೊರಗೆ ತೆಗೆಯೋಕೆ ಇಬ್ಬರು ಬೇಕಾದ್ರು" ಅಂದ. ನಾನು ಕುರ್ಚಿಯ ಕೈ ಹಿಡಿದು ಕಣ್ಣು ಮುಚ್ಚಿಕೊಂಡೆ. ಟೈಲರ್ ಮುಖದಲ್ಲಿ ಬೆವರು. ಚಕ್ರಗಳು ಹತ್ತಿರವಾಗುತ್ತಿದ್ದವು.

ನಾಲ್ಕು ದಾಟಿದ ಮೇಲೆ ಜನ ಕೇಕಿನ ಕಡೆ ಸರಿದರು. ಟೀಚರಮ್ಮ ಪಕ್ಕದ ಮರದಡಿ ಪೇಪರು ಬಿಡಿಸಿ ಕೂತರು. ಆಗ ಬಂದಳು ನಿನ್ನಮ್ಮ.

ಸಾಸಿವೆ, ನಾಲ್ಕು ವರ್ಷದಲ್ಲಿ ನಿನಗೆ ಎಷ್ಟೋ ಕಾಗದ ಬರೆದೆ. ನಿನ್ನಮ್ಮನಿಗೆ ನನ್ನ ಮೇಲೆ ಯಾಕೆ ಕೋಪವೋ, ಮೂರೇ ಬೀದಿ ಆಚೆ ಇದ್ದೂ ಯಾಕೆ ಮಾತು ಬಿಟ್ಟಳೋ ಗೊತ್ತಿಲ್ಲ ಎಂದೇ ಬರೆದೆ. ಗೊತ್ತಿತ್ತು.

ಅವಳು ಒಂದು ಮಡಚುವ ಕುರ್ಚಿ ತಂದು ನನ್ನ ಪಕ್ಕದಲ್ಲಿ ಹಾಕಿಕೊಂಡು ಕೂತಳು. ಆಮೇಲೆ, "ಅಣ್ಣ, ಇವತ್ತು ನಿನ್ನ ಬಾಯಿಗೆ ಬೀಗ ಹಾಕಿದಾರೆ ಅಂತ ಗೊತ್ತಾಯ್ತು. ಅದಕ್ಕೇ ಬಂದೆ" ಅಂದಳು.

ನಿನ್ನಪ್ಪ ಹೋದ ಮಧ್ಯಾಹ್ನ ಆಸ್ಪತ್ರೆಯ ಆ ಕೋಣೆಯಲ್ಲಿ ಇದ್ದದ್ದು ನಾನೊಬ್ಬನೇ. ನಿನ್ನಮ್ಮ ಮಾತ್ರೆ ತರಲು ಕೆಳಗೆ ಹೋಗಿದ್ದಳು. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಇಪ್ಪತ್ತೈದು. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕೊನೆಗೆ ಏನಾದರೂ ಹೇಳಿದರಾ ಎಂದು ಅವಳು ಕೇಳಿದಾಗೆಲ್ಲ ನಾನು ಏನೋ ತಮಾಷೆ ಹೇಳಿ ಜಾರಿಕೊಂಡೆ. ಕೊನೆಕೊನೆಗೆ ಅವಳು ಕೇಳುವುದನ್ನೂ ಬಿಟ್ಟಳು, ಮಾತನ್ನೂ ಬಿಟ್ಟಳು.

ನಿನ್ನೆ ಅವಳು ಜಗಳದ ದನಿಯಲ್ಲಿ ಮಾತಾಡಲಿಲ್ಲ. ಹಾಗೆ ಮಾತಾಡಿದ್ದರೆ ನನಗೆ ಎಷ್ಟೋ ಸುಲಭವಾಗಿರುತ್ತಿತ್ತು. "ಟೈಲರ್ ಹತ್ರ ಹೇಳಿದೀಯ, ಅವರು 'ನನ್ನ ಹೆಂಡತೀನ ನೋಡ್ಕೊಳ್ಳಿ ಭಾವ' ಅಂದ್ರು ಅಂತ. ಡ್ರೈವರ್ ಹತ್ರ, ನಗ್ತಾ ನಗ್ತಾ ಕೈ ಮುಗಿದ್ರು ಅಂತ. ಮಗಳಿಗೆ ಬರೆದಿದೀಯ, ಅವಳ ಹೆಸರು ಕರೆದು ಕಣ್ಣು ಮುಚ್ಚಿದ್ರು ಅಂತ. ಇಷ್ಟೆಲ್ಲ ಹೇಳಿ ಹೋಗೋಕೆ ಅವರೇನು ಸಭೆ ಕರೆದಿದ್ರಾ? ಇಡೀ ಬಡಾವಣೆಗೆ ಒಂದೊಂದು ಮಾತು ಹಂಚಿದೀಯ. ನನ್ನ ಪಾಲಿಗೇ ಏನೂ ಇಲ್ಲ."

ನಾನು ಬಾಯಿ ತೆರೆದೆ. ಅವಳು ಬೆರಳೆತ್ತಿ ಟೀಚರಮ್ಮನ ಕಡೆ ತೋರಿಸಿದಳು. ಮುಚ್ಚಿದೆ.

"ತಲೆ ಆಡಿಸಬಹುದಂತೆ. ಆಡಿಸು. ಅದರಲ್ಲಿ ಒಂದಾದ್ರೂ ನಿಜಾನಾ?"

ಇಲ್ಲವೆಂದು ತಲೆಯಾಡಿಸಿದೆ. ಮಾತಿನಲ್ಲಾಗಿದ್ದರೆ ಆ ಇಲ್ಲ ನನ್ನಿಂದ ಹೊರಡುತ್ತಿರಲಿಲ್ಲ.

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹಾಗಾದ್ರೆ ಏನೂ ಹೇಳಲಿಲ್ಲ. ಸುಮ್ನೆ ಹೋದ್ರು. ಅಷ್ಟೇ ತಾನೆ? ಹೂಂ ಅನ್ನು. ನಾನು ಎದ್ದು ಹೋಗ್ತೀನಿ."

ಹೂಂ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಅವಳಿಗೂ ಸಮಾಧಾನ, ವ್ಯಾನಿಗೂ ಚಕ್ರ. ಆದರೆ ಅದೂ ಸುಳ್ಳೇ ಆಗುತ್ತಿತ್ತು, ಮಗಳೇ. ಹೌದು ಅನ್ನುವುದಕ್ಕೆ ತಲೆ ಇದೆ, ಇಲ್ಲ ಅನ್ನುವುದಕ್ಕೆ ತಲೆ ಇದೆ. ನಾನು ಹೇಳಬೇಕಾದದ್ದಕ್ಕೆ ತಲೆಯನ್ನು ಯಾವ ಕಡೆ ತಿರುಗಿಸಬೇಕೋ ತಿಳಿಯಲಿಲ್ಲ. ಶಾಲೆಯ ಗೋಡೆಯ ಗಡಿಯಾರ ನೋಡಿದೆ. ಐದಕ್ಕೆ ಇಪ್ಪತ್ತು ನಿಮಿಷ. ತಡೆದುಕೊಳ್ಳೋಣ, ಐದಾದ ಮೇಲೆ ಅವಳ ಹಿಂದೆಯೇ ಓಡಿಹೋಗಿ ಹೇಳೋಣ ಅಂದುಕೊಂಡೆ. ಆದರೆ ನನ್ನನ್ನು ನಾನು ಬಲ್ಲೆ. ಐದಾದ ಮೇಲೆ ನನ್ನ ಬಾಯಿ ಮತ್ತೆ ನನ್ನದೇ ಆಗುತ್ತಿತ್ತು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಇನ್ನೊಂದು ಕಥೆ ಕಟ್ಟಿಬಿಡುತ್ತಿದ್ದೆ. ಅವಳು ಕುರ್ಚಿ ಮಡಚುತ್ತಿದ್ದಳು.

"ನನಗೆ ಗೊತ್ತಿಲ್ಲ ಕಣೇ," ಅಂದೆ. "ನಾನು ನಿದ್ದೆ ಹೋಗಿದ್ದೆ."

ಸೀಟಿ ಕೂಗಿತು. ಟೀಚರಮ್ಮನ ಕಿವಿ ಇನ್ನೂ ಪರೀಕ್ಷೆಯ ಕೊಠಡಿಯಲ್ಲೇ ಇದೆ. ಕೇಕಿನ ಕಡೆಯಿಂದ ಜನ ತಿರುಗಿ ನೋಡಿದರು. ನಿನ್ನಮ್ಮ ಮಾತ್ರ ಸೀಟಿ ಕೇಳಲೇ ಇಲ್ಲವೇನೋ ಎಂಬಂತೆ ನಿಂತಿದ್ದಳು. ಅವಳು ನಡೆದದ್ದೆಲ್ಲ ಕೇಳಿದಳು, ನಾನು ಹೇಳಿದೆ. ಅವಳು ಬಾಗಿಲು ದಾಟುವಾಗ 'ನೋಡ್ಕೊಂಡಿರು ಅಣ್ಣ' ಅಂದಿದ್ದು, ನಾನು ಎದೆ ತಟ್ಟಿಕೊಂಡು 'ನಾನಿರುವಾಗ ನಿನಗ್ಯಾಕೆ ಚಿಂತೆ' ಅಂದಿದ್ದು, ಆಮೇಲೆ ಆ ಸ್ಟೂಲಿನ ಮೇಲೆ ಗೋಡೆಗೆ ಒರಗಿ ನಿದ್ದೆ ಹೋದದ್ದು, ನರ್ಸು ಭುಜ ಅಲ್ಲಾಡಿಸಿದಾಗ ಎಚ್ಚರವಾದದ್ದು. ಕೊನೆಗೆ ಅವರು ಹೆಸರು ಕರೆದರೋ, ನೀರು ಕೇಳಿದರೋ, ಒಂದೂ ನನಗೆ ಗೊತ್ತಿಲ್ಲ.

ಬಯ್ಯುತ್ತಾಳೆಂದು ತಲೆ ತಗ್ಗಿಸಿದೆ. ಅವಳು ಮಡಚಿದ ಕುರ್ಚಿಯನ್ನು ಮತ್ತೆ ಬಿಡಿಸಿ ಕೂತಳು. "ಮೂರು ದಿನ ನೀನೇ ಕೂತಿದ್ದೆ. ನಿದ್ದೆ ಬರದೆ ಇನ್ನೇನು? ಆವತ್ತೇ ಹೇಳಿದ್ರೆ ಇಬ್ಬರೂ ಕೂತು ಅಳಬಹುದಿತ್ತಲ್ಲೋ" ಅಂದಳು. ಅಷ್ಟೇ. ಆಮೇಲೆ ಅತ್ತಳು. ನಾನೂ ಅತ್ತೆ ಎಂದು ಬರೆಯಬೇಕಾಗಿಲ್ಲ, ಮೈದಾನದ ತುಂಬ ಸಾಕ್ಷಿಗಳಿದ್ದಾರೆ.

ವ್ಯಾನಿನ ವಿಷಯ ಕೇಳು. ಟೀಚರಮ್ಮ ಕಟ್ಟುನಿಟ್ಟು, ಪಂದ್ಯ ಸೋತಾಯ್ತು ಅಂದರು. ಔಷಧಿಯವನು ಮಾತು ವಾಪಸು ತೆಗೆದುಕೊಂಡ, ತೆಗೆದುಕೊಳ್ಳಲಿ. ಟೈಲರ್ ಮಾತ್ರ ನಮ್ಮಿಬ್ಬರನ್ನೂ ಒಂದು ಸಲ ನೋಡಿ, "ಇವನ ಬಾಯಿಂದ ಇಷ್ಟು ವರ್ಷಕ್ಕೆ ಒಂದು ನಿಜ ಬಂತು, ಅದಕ್ಕೂ ಬೆಲೆ ಇದೆ" ಎಂದು ಎರಡು ಚಕ್ರಕ್ಕೆ ಒಪ್ಪಿದ. ಅಂಚೆಯಮ್ಮ ಒಂದಕ್ಕೆ. ಮುಂದಿನ ವರ್ಷದವರೆಗೆ ವ್ಯಾನು ಮೂರೇ ಚಕ್ರದ್ದು. ಆದರೆ ಆರು ಗಂಟೆ ನಲವತ್ತು ನಿಮಿಷ ಸುಮ್ಮನಿದ್ದ ಕಂಡಕ್ಟರು ಈ ಇಲಾಖೆಯಲ್ಲೇ ಇನ್ನೊಬ್ಬನಿಲ್ಲ, ಬೇಕಾದರೆ ವಿಚಾರಿಸು.

"ಮಗಳಿಗೆ ನೀನೇ ಬರಿ, ನಾನು ಹೇಳಲ್ಲ" ಎಂದಳು ನಿನ್ನಮ್ಮ. ಅದಕ್ಕೇ ಈ ಕಾಗದ. ಅಪ್ಪ ನಿನ್ನ ಹೆಸರು ಕರೆದರು ಎಂದು ನಾನು ಬರೆದದ್ದನ್ನು ನೀನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದೆಯೆಂದು ಬಲ್ಲೆ. ಅದು ನನ್ನ ಕೈಯದು, ಅವರ ಬಾಯಿಯದಲ್ಲ. ಅವರು ಕರೆದಿರಲೂಬಹುದು. ಕೇಳಿಸಿಕೊಳ್ಳಬೇಕಾದವನು ಗೊರಕೆ ಹೊಡೆಯುತ್ತಿದ್ದ. ಕೋಪ ಬಂದರೆ ಮಾತು ಬಿಡಬೇಡ, ಬೈದು ನಾಲ್ಕು ಪುಟ ಬರಿ. ನಾನು ಓದುತ್ತೇನೆ, ನಡುವೆ ಬಾಯಿ ಹಾಕುವುದಿಲ್ಲ.

ಇತಿ,
ನಿದ್ದೆಬುರುಕ,
ನಿನ್ನ ಮಾವ

ಮರೆತ ಮಾತು: ಇದನ್ನೆಲ್ಲ ಬರೆದದ್ದು ನಿನ್ನಮ್ಮನ ಅಡುಗೆಮನೆಯ ಮೇಜಿನ ಮೇಲೆ. ಸಹಿ ಹಾಕುವಾಗ ಅವಳು ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು, ನಾನು ನಿದ್ದೆ ಹೋಗುವ ಮುಂಚೆ ಅವರು ಏನಾದರೂ ಅಂದಿದ್ದರಾ ಎಂದು. ಅಂದಿದ್ದರು. ಆ ಮಾತನ್ನು ನಾಲ್ಕು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ನನಗೆ ಅವಮಾನ. ನಾನು ಏನೋ ಹರಟುತ್ತಿದ್ದೆ. ನಿನ್ನಪ್ಪ ಕಣ್ಣು ತೆರೆಯದೆಯೇ, "ಭಾವ, ಸ್ವಲ್ಪ ಸುಮ್ನಿರ್ತೀರಾ, ನಿದ್ದೆ ಬರ್ತಿದೆ" ಅಂದರು. ನಾನು ಸುಮ್ಮನಾದೆ, ಸುಮ್ಮನಾದ್ದರಿಂದಲೇ ನನಗೂ ನಿದ್ದೆ ಬಂತು. ಕೇಳಿ ನಿನ್ನಮ್ಮ ಸೌಟು ಕೆಳಗಿಟ್ಟು ನಗತೊಡಗಿದಳು, ನಗುತ್ತಲೇ ಕೂತುಬಿಟ್ಟಳು. ನಾನು ಕಟ್ಟಿದ ಯಾವ ಮಾತನ್ನೂ ನಂಬದವಳು ಇದನ್ನು ಮಾತ್ರ ಕೇಳಿದ ಕೂಡಲೇ ನಂಬಿದಳು. "ಇದು ಅವರೇ" ಅಂದಳು.