ಹಂಚಿದ್ದು ಏಳು, ಬಂದದ್ದು ಮೂರು

ಲೇಕ್ ಮಾರ್ಕೆಟ್, ಕೋಲ್ಕತ್ತಾ
9-11-2006, ಗುರುವಾರ ಬೆಳಿಗ್ಗೆ

ಪ್ರೀತಿಯ ಇವರಿಗೆ,

ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಅಗರ್ತಲಾದಲ್ಲಿ ಬೆಳಗಿನ ಹೊತ್ತು ಆಗಲೇ ಚಳಿ ಹಿಡಿದಿದೆಯಂತೆ. ಪೆಟ್ಟಿಗೆಯ ತಳದಲ್ಲಿ ಕಂದು ಬಣ್ಣದ ಸ್ವೆಟರ್ ಇಟ್ಟಿದ್ದೇನೆ, ಹುಡುಕಿ ಹಾಕಿಕೊಳ್ಳಿ. ಬಿ.ಪಿ. ಮಾತ್ರೆಯನ್ನು ಊಟದ ನಂತರ ತೆಗೆದುಕೊಳ್ಳುತ್ತೀರೋ, ನೆನಪಾದಾಗ ತೆಗೆದುಕೊಳ್ಳುತ್ತೀರೋ, ನಿಜ ಹೇಳಿ. ಇಲ್ಲಿ ಅತ್ತೆ ಆರೋಗ್ಯವಾಗಿದ್ದಾರೆ. ಎಡಗಿವಿ ಮಾತ್ರ ಇನ್ನಷ್ಟು ಮಂದವಾಗಿದೆ. ಮೀನಿನವನ ಹತ್ತಿರ ಈಗಲೂ ದಿನಾ ಜಗಳ. ಹೊಳೆ ಮೀನಿಗೆ ಎಷ್ಟು ಉಪ್ಪು ಹಾಕಿದರೂ ಹಿಡಿಯುವುದಿಲ್ಲ ಎಂದು ಅವನಿಗೆ ತುಳುವಿನಲ್ಲಿ ಬೈಯುತ್ತಾರೆ, ಅವನು ಬಂಗಾಳಿಯಲ್ಲಿ ನಗುತ್ತಾನೆ. ದೀಕ್ಷಿತಾ ಕಾಲೇಜು, ಟ್ಯೂಷನ್ನು ಎಂದು ಓಡಾಡಿಕೊಂಡಿದ್ದಾಳೆ. ಪಪ್ಪಾ ಬರುವಾಗ ಬಿದಿರಿನ ಲ್ಯಾಂಪ್ ತರಬೇಕಂತೆ. ನೀವು ಬಂದರೆ ಸಾಕು ಎಂದು ನಾನು ಹೇಳಿದೆ.

ಈ ಕಾಗದ ಯಾಕೆ ಎಂದು ನೀವು ಕೇಳುವ ಹಾಗಿಲ್ಲ. ಇದೇ ವಿಷಯವನ್ನು ಫೋನಿನಲ್ಲಿ ಮೂರು ಸಲ ಹೇಳಿದೆ. ಮೂರು ಸಲವೂ ನಿಮ್ಮದು ಒಂದೇ ಉತ್ತರ: "ಎಲ್ಲ ಬರೆದು ಕಳಿಸು ಮಾರಾಯ್ತಿ, ಬಾಯಿಮಾತಿಗೆ ಆಧಾರ ಉಂಟಾ?" ಇಪ್ಪತ್ತೆಂಟು ವರ್ಷ ಬ್ಯಾಂಕಿನಲ್ಲಿ ದುಡಿದವರ ಹೆಂಡತಿಗೆ ಹೆದರಿಕೆಯಾದರೂ ಅದು ಬರವಣಿಗೆಯಲ್ಲಿಯೇ ಆಗಬೇಕು. ಇರಲಿ. ಇವತ್ತು ಶಾಲೆಗೆ ರಜೆ ಹಾಕಿ ಬರೆಯಲು ಕುಳಿತಿದ್ದೇನೆ. ಮೊದಲು ನಿಮ್ಮ ಬಜೆಟ್ಟಿನ ವಿಷಯ, ಆಮೇಲೆ ನನ್ನದು.

ಮನೆಗೆ ಕ್ಯಾಮೆರಾ, ಅಲಾರಂ ಹಾಕಿಸುವ ನಿಮ್ಮ ಆಸೆಯ ಬಗ್ಗೆ ನನಗೆ ತಕರಾರಿಲ್ಲ. ಸಾಲದ ಪರಿಶೀಲನೆಗೆಂದು ರಾಜರ್‌ಹಾಟಿನ ಆ ಹೊಸ ಫ್ಲ್ಯಾಟಿಗೆ ಹೋಗಿ ಬಂದ ದಿನ ನಿಮ್ಮ ಮುಖ ನೋಡಬೇಕಿತ್ತು. ಸೆಕ್ಟರ್ ಫೈವಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಮಾಡುವ ಇಪ್ಪತ್ತೊಂಬತ್ತು ವರ್ಷದ ಹುಡುಗ ಮೊಬೈಲಿನ ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಪರದೆ ಸರಿಯುತ್ತದೆ, ಬಾಗಿಲಿಗೆ ಬಂದವರ ಮುಖ ಟಿವಿಯಲ್ಲಿ ಮೂಡುತ್ತದೆ ಎಂದು ಊಟದ ಮಧ್ಯೆ ಮೂರು ಸಲ ಹೇಳಿದಿರಿ. ಜೂನಿನಲ್ಲಿ ವರ್ಗವಾದ ಮೇಲೆ ಆ ಆಸೆಗೆ ಒಂದು ಕಾರಣವೂ ಸಿಕ್ಕಿತು. ಮೂವರು ಹೆಂಗಸರನ್ನು ಬಿಟ್ಟು ಹೋಗುತ್ತಿದ್ದೇನೆ, ಮನೆಗೊಂದು ಕಣ್ಣು ಬೇಕು, ಬಾಗಿಲು ತೆರೆದರೆ ಅಗರ್ತಲಾದಲ್ಲಿ ನನ್ನ ಮೊಬೈಲು ಬಡಿದುಕೊಳ್ಳಬೇಕು ಎಂದಿರಿ. ಆ ಮಾತು ಕೇಳಿ ನನ್ನ ಕಣ್ಣು ತುಂಬಿದ್ದು ನಿಮಗೆ ಗೊತ್ತಿಲ್ಲ. ಬಾಯಿಬಿಟ್ಟು ಪ್ರೀತಿ ಹೇಳದವರು ಕ್ಯಾಮೆರಾ ಹಾಕಿಸಿ ಹೇಳುತ್ತಿದ್ದಾರೆ ಎಂದುಕೊಂಡೆ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಒಂದೂವರೆ ಲಕ್ಷಕ್ಕೆ ಗೆರೆ ಎಳೆದಿರಿ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ತಪ್ಪಾದದ್ದು ಟೆಂಡರಿನಲ್ಲಿ. ಬೇರೆಯವರಾದರೆ ಗೊತ್ತಿದ್ದ ಒಬ್ಬ ಮಿಸ್ತ್ರಿಯನ್ನು ಕರೆದು ಎಷ್ಟಾಗುತ್ತದೆ ಎಂದು ಕೇಳುತ್ತಿದ್ದರು. ನೀವು ದುರ್ಗಾಪೂಜೆಯ ರಜೆಯಲ್ಲಿ ಬಂದವರು, ಊರಿಗೆ ಊರೇ ಪಂಡಾಲು ನೋಡುತ್ತಿರುವಾಗ, ಊಟದ ಮೇಜಿನ ಮೇಲೆ ಟೆಂಡರ್ ಫಾರಂ ಬರೆದಿರಿ. ನಿಮ್ಮ ಬ್ರಾಂಚಿನ ಸ್ಟ್ರಾಂಗ್ ರೂಮಿಗೆ ಅಲಾರಂ ಹಾಕಿಸಿದಾಗ ಬಳಸಿದ ನಮೂನೆಯೇ ಅದು. ಪೂರ್ತಿ ಮಾಹಿತಿ ಕೊಡದಿದ್ದರೆ ಒಂದು ಕೊಟೇಶನ್ನನ್ನು ಇನ್ನೊಂದರ ಜೊತೆ ಹೋಲಿಸುವುದು ಹೇಗೆ ಎಂದು ನನಗೇ ಪಾಠ ಹೇಳಿದಿರಿ. ಅನುಬಂಧ ಒಂದರಲ್ಲಿ ಮನೆಯ ನಕ್ಷೆ, ಕಪಾಟು ಎಲ್ಲಿದೆ ಎಂಬ ಗುರುತು ಸಮೇತ. ಅನುಬಂಧ ಎರಡರಲ್ಲಿ ನಮ್ಮ ದಿನಚರಿ: ಮಗಳು ಹತ್ತಕ್ಕೆ ಹೊರಡುತ್ತಾಳೆ, ಹೆಂಡತಿ ಹತ್ತೂವರೆಯಿಂದ ಎರಡೂವರೆಯವರೆಗೆ ಶಾಲೆಯಲ್ಲಿ, ಆಗ ಮನೆಯಲ್ಲಿ ಎಪ್ಪತ್ತಾರು ವರ್ಷದ ತಾಯಿ ಒಬ್ಬರೇ, ಯಜಮಾನರು ಅಗರ್ತಲಾದಲ್ಲಿ, ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಅನುಬಂಧ ಮೂರರಲ್ಲಿ ರಕ್ಷಿಸಬೇಕಾದ ವಸ್ತುಗಳು ಮತ್ತು ಅವುಗಳ ಅಂದಾಜು ಬೆಲೆ. ಕೊನೆಗೆ 'ದೌರ್ಬಲ್ಯಗಳು' ಎಂದು ಒಂದು ಕಾಲಂ. ಅಡುಗೆಮನೆಯ ಹಿಂದಿನ ಗ್ರಿಲ್ಲಿನ ಎರಡು ತಿರುಪು ಸಡಿಲವಾಗಿವೆ, ತಾಯಿಗೆ ಎಡಗಿವಿ ಕೇಳಿಸುವುದಿಲ್ಲ, 'ಪೋಸ್ಟ್' ಎಂದು ಕೂಗಿದರೆ ಯಾರೆಂದು ನೋಡದೆ ಬಾಗಿಲು ತೆಗೆಯುತ್ತಾರೆ. ಇಷ್ಟನ್ನೂ ನೀವು ನಿಮ್ಮ ಮುದ್ದಾದ ಇಂಗ್ಲಿಷಿನಲ್ಲಿ ಬರೆದು, ಟೈಪು ಮಾಡಿಸಿ, ಪತ್ರಿಕೆಯಲ್ಲಿ ಎರಡು ಸಾಲಿನ ಜಾಹೀರಾತು ಕೊಟ್ಟು ಹೋದಿರಿ. ಬ್ಯಾಂಕಿನಲ್ಲಿ ಆ ಫಾರಂ ಹೋಗುವುದು ಮೊದಲೇ ವಿಚಾರಿಸಿ ಪಟ್ಟಿ ಮಾಡಿದ ಕಂಪನಿಗಳಿಗೆ, ಮೊಹರು ಹಾಕಿದ ಲಕೋಟೆಯಲ್ಲಿ. ಇಲ್ಲಿ ಸಂಜೆ ನಾಲ್ಕರಿಂದ ಆರರವರೆಗೆ ನಮ್ಮ ಬಾಗಿಲಿಗೆ ಬಂದವರಿಗೆಲ್ಲ ನಾನೇ ಕೊಟ್ಟೆ. ನೀವು ಹೇಳಿದಂತೆ ಫಾರಂ ಒಂದಕ್ಕೆ ಐವತ್ತು ರೂಪಾಯಿ ಶುಲ್ಕ ವಸೂಲು ಮಾಡಿದೆ. ನಮ್ಮ ಮನೆಯ ಗುಟ್ಟನ್ನು ಐವತ್ತು ರೂಪಾಯಿಗೆ ಮಾರಿದ್ದೇವೆ, ರಸೀದಿಯನ್ನೂ ಕೊಟ್ಟಿದ್ದೇವೆ. ಆಗ ನನಗೂ ಬುದ್ಧಿ ಓಡಲಿಲ್ಲ. ತಪ್ಪು ನಿಮ್ಮೊಬ್ಬರದೇ ಎನ್ನುವುದಿಲ್ಲ.

ಏಳು ಫಾರಂ ಹೋದವು, ಮೂರು ಕೊಟೇಶನ್ ಬಂದವು. ಹೋಲಿಕೆಯ ಪಟ್ಟಿಯನ್ನು ನೀವು ಕಲಿಸಿದ ಹಾಗೆಯೇ ಗೆರೆ ಹಾಕಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಪಾರ್ಕ್ ಸ್ಟ್ರೀಟಿನ ಕಂಪನಿಯದು ಎರಡು ಲಕ್ಷ ಮೂವತ್ತೆಂಟು ಸಾವಿರ. ಅದರಲ್ಲಿ ಪರದೆ ಎಳೆಯುವ ಮೋಟಾರಿಗೇ ನಲವತ್ತು ಸಾವಿರ. ಮೂಗಿಗಿಂತ ಮೂಗುತಿ ಭಾರ ಎಂದು ಪಕ್ಕದಲ್ಲಿ ಬರೆದಿದ್ದೇನೆ. ಹೌರಾದವರದು ಎಂಬತ್ತೊಂಬತ್ತು ಸಾವಿರ, ಆದರೆ ಬ್ಯಾಟರಿ ಇಲ್ಲ, ಕರೆಂಟು ಹೋದರೆ ಕಣ್ಣೂ ಹೋಗುತ್ತದೆ. ನಡುವಿನದು ವಿಶ್ವನಾಥಬಾಬು ಎಂಬವರದು, ಒಂದು ಲಕ್ಷ ನಲವತ್ತಾರೂವರೆ ಸಾವಿರ. ಹೆಸರು ಕೇಳಿ ನಮ್ಮ ಕಡೆಯವರು ಎಂದುಕೊಳ್ಳಬೇಡಿ, ಇಲ್ಲಿನವರ ಬಾಯಲ್ಲಿ ಅವರು ಬಿಶ್ಶೊನಾಥ್. ಗಾರ್ಡನ್ ರೀಚಿನ ಹಡಗುಕಟ್ಟೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತರಾದವರು. ಅತಿ ಕಡಿಮೆಯವರನ್ನು ಹಿಡಿ, ನಡುವಿನವರನ್ನು ಆ ದರಕ್ಕೆ ಇಳಿಸಿ ನೋಡು, ಕೊಟೇಶನ್ ಕೊಡದ ನಾಲ್ಕು ಜನರಿಗೆ ಜ್ಞಾಪನೆ ಮಾಡು ಎಂದು ನೀವು ಫೋನಿನಲ್ಲಿ ಹೇಳಿದಿರಿ. ಹಾಗೆಯೇ ಮಾಡಿದೆ.

ದರ ಇಳಿಸಲು ಕರೆದಾಗ ವಿಶ್ವನಾಥಬಾಬು ಮಂಗಳವಾರ ಸಂಜೆ ಬಂದರು. ನಮ್ಮ ಫಾರಮ್ಮನ್ನು ಲಕೋಟೆಯಲ್ಲಿ ಹಾಕಿ, ಅಂಟಿಸಿ ತಂದಿದ್ದರು. ನಾನು ದರದ ಮಾತೆತ್ತಿದರೆ ಅವರು ಕೇಳಿಸಿಕೊಳ್ಳಲೇ ಇಲ್ಲ. ಇದನ್ನು ಒಟ್ಟು ಎಷ್ಟು ಜನರಿಗೆ ಕೊಟ್ಟಿದ್ದೀರಿ ಎಂದು ಕೇಳಿದರು. ಏಳು ಎಂದೆ. ಕೊಟ್ಟ ಚಹಾವನ್ನು ಅವರು ನಿಂತುಕೊಂಡೇ ಕುಡಿದರು. ಆಮೇಲೆ ಹಿಂದಿಯಲ್ಲಿ, ಮಗಳಿಗೆ ಹೇಳುವ ಹಾಗೆ ಮೆತ್ತಗೆ ಹೇಳಿದರು: "ದೀದಿ, ಮೊದಲು ಆ ಏಳನ್ನೂ ವಾಪಸು ತರಿಸಿ. ಬೀಗದ ಮಾತು ಆಮೇಲೆ." ಅಡ್ವಾನ್ಸ್ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅಡುಗೆಮನೆಯ ಗ್ರಿಲ್ಲಿನ ಎರಡು ತಿರುಪನ್ನು ತಮ್ಮ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಬಿಗಿ ಮಾಡಿ ಹೋದರು. ಅವರು ಹೋದ ಮೇಲೆ ಆ ಫಾರಮ್ಮನ್ನು ಮೊದಲ ಸಲ ಕಳ್ಳನೊಬ್ಬ ಓದುವ ಹಾಗೆ ಓದಿದೆ.

ಮೂರು ಪ್ರತಿ ನನ್ನ ಕೈಗೆ ಬಂದಿವೆ, ಕೊಟೇಶನ್ ಕೊಟ್ಟವರೆಲ್ಲ ಮರಳಿಸಿದರು. ಉಳಿದ ನಾಲ್ವರ ಹೆಸರು, ಫೋನ್ ನಂಬರು ನೀವು ಮಾಡಿಟ್ಟ ರಿಜಿಸ್ಟರಿನಲ್ಲಿ ಸಹಿ ಸಮೇತ ಇವೆ. ಒಂದು ನಂಬರಿಗೆ ಮಾಡಿದರೆ ಅದು ಶ್ಯಾಮ್‌ಬಜಾರಿನ ಮಿಠಾಯಿ ಅಂಗಡಿ, ಅವರಿಗೆ ಟೆಂಡರೂ ಗೊತ್ತಿಲ್ಲ, ಬೀಗವೂ ಗೊತ್ತಿಲ್ಲ. ಎರಡನೆಯ ನಂಬರು ಅಸ್ತಿತ್ವದಲ್ಲೇ ಇಲ್ಲ. ಮೂರನೆಯವನು ಒಳ್ಳೆಯವನು, ಕೆಲಸ ಬಹಳ ಇದೆ, ಕಾಗದ ಎಲ್ಲೋ ಹೋಯಿತು ಎಂದು ಕ್ಷಮೆ ಕೇಳಿದ. ಎಲ್ಲಿ ಹೋಯಿತು ಎಂದು ಕೇಳಿದರೆ ಅವನಿಗೆ ಗೊತ್ತಿಲ್ಲ. ನಾಲ್ಕನೆಯ ನಂಬರಿಗೆ ಮಾಡಿದಾಗ ಯಾರೋ ಎತ್ತಿಕೊಂಡರು, ಮಾತಾಡಲಿಲ್ಲ. ನಾನು ಹಲೋ ಹಲೋ ಎನ್ನುತ್ತಿದ್ದರೆ ಆ ಕಡೆ ಟ್ರಾಮಿನ ಗಂಟೆ ಕೇಳುತ್ತಿತ್ತು. ಆಮೇಲೆ ಇಟ್ಟುಬಿಟ್ಟರು. ಆ ನಾಲ್ವರ ಮುಖಗಳನ್ನು ಜ್ಞಾಪಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ನನಗೆ ಒಂದೂ ನೆನಪಾಗುತ್ತಿಲ್ಲ.

ಇಷ್ಟೇ ಆಗಿದ್ದರೆ ನಿಮಗೆ ತೊಂದರೆ ಕೊಡುತ್ತಿರಲಿಲ್ಲ. ನಿನ್ನೆ ಶಾಲೆಯಿಂದ ಬಂದವಳಿಗೆ ಅತ್ತೆ ಸಂತೋಷದಿಂದ ಒಂದು ಸುದ್ದಿ ಹೇಳಿದರು. ಹತ್ತು ದಿನಗಳಿಂದ ಹನ್ನೊಂದೂಕಾಲು, ಹನ್ನೊಂದೂವರೆಯ ಹೊತ್ತಿಗೆ ನಿಮ್ಮ ಬ್ಯಾಂಕಿನವರು ಫೋನ್ ಮಾಡಿ, ಅತ್ತೆಗೆ ತಿಳಿಯುವಷ್ಟು ಹಿಂದಿಯಲ್ಲಿ ವಿಚಾರಿಸಿಕೊಳ್ಳುತ್ತಾರಂತೆ. ನಾನು ಏನು ಕೇಳುತ್ತಾರೆ ಎಂದೆ. "ಎಂತ ಇಲ್ಲ, ಊಟ ಆಯ್ತಾ, ಮಗ ಯಾವಾಗ ಬರುದು, ಒಬ್ರೇ ಇದ್ದೀರಾ ಅಂತ. ಪಾಪ, ಬಲದ ಕಿವಿಗೆ ಇಟ್ಕೊಳ್ಳಿ ಅಂತ ಅವನೇ ಹೇಳ್ತಾನೆ." ಇದನ್ನು ಇನ್ನೊಮ್ಮೆ ಓದಿ. ಅತ್ತೆಯ ಯಾವ ಕಿವಿ ಕೇಳಿಸುತ್ತದೆ ಎಂದು ಮೇಲಿನ ಮನೆಯಾಕೆಗೂ ಗೊತ್ತಿಲ್ಲ, ನಾಲ್ಕು ವರ್ಷದಿಂದ ಅವರು ಎಡಗಡೆಯಿಂದಲೇ ಮಾತಾಡಿಸುತ್ತಾರೆ. ಕೆಳಗೆ ಹೋಗಿ ಗೇಟು ಕಾಯುವ ದರವಾನನನ್ನು ಕೇಳಿದೆ. ಶಾಲೆಯ ದೀದಿಗೆ ಗುರುವಾರವೂ ಕ್ಲಾಸು ಇದೆಯಾ ಎಂದು ಯಾರೋ ಕೇಳಿಕೊಂಡು ಹೋದರು ಎಂದ. ಇದೆ ಎಂದು ಹೇಳಿದನಂತೆ. ಅಲ್ಲಿಂದಲೇ ಠಾಣೆಗೆ ನಡೆದೆ. ಏನು ಕಳುವಾಗಿದೆ ಎಂದು ಕೇಳಿದರು. ಇನ್ನೂ ಏನೂ ಇಲ್ಲ ಎಂದೆ. ಫಾರಮ್ಮನ್ನು ಪೂರ್ತಿ ಓದಿದ ಸಾಹೇಬರು ಒಂದು ಪ್ರತಿ ಬಿಟ್ಟು ಹೋಗಿ ಎಂದರು. ನಾನು ಬಿಡಲಿಲ್ಲ.

ಈಗ ನನ್ನ ಮಾತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನೀವೇ ಎಷ್ಟು ಸಲ ಹೇಳಿದ್ದೀರಿ. ನಮ್ಮ ಕೋಟೆ ಇನ್ನೂ ನಿಂತಿದೆ, ಆದರೆ ಅದರ ನಕ್ಷೆ ಊರಲ್ಲಿ ತಿರುಗುತ್ತಿದೆ. ನಂಬರ್ ಬೀಗ, ಸೈರನ್ನು ಯಾವುದೂ ಈಗ ಬೇಡ. ನಿಮ್ಮ ತಂಗಿ ಸುಲೋಚನಾಳ ಮಗಳ ಮದುವೆಗೆಂದು ಮೇ ತಿಂಗಳಲ್ಲಿ ಲಾಕರಿನಿಂದ ತೆಗೆದ ಚಿನ್ನ ಇನ್ನೂ ಕಪಾಟಿನಲ್ಲಿಯೇ ಇದೆ. ಪೂಜೆಗೆ ನೀವು ಬಂದಾಗ ಬ್ಯಾಂಕಿಗೂ ರಜೆ. ಲಾಕರು ನಿಮ್ಮೊಬ್ಬರ ಹೆಸರಿನಲ್ಲಿರುವುದರಿಂದ ನನ್ನ ಸಹಿ ಅಲ್ಲಿ ನಡೆಯುವುದಿಲ್ಲ. ಚಿನ್ನ ಹೋದರೆ ಹೋಗಲಿ ಎನ್ನುವಷ್ಟು ಉದಾರಿ ನಾನಲ್ಲ. ಆದರೆ ಅದಕ್ಕಾಗಿ ನನಗೆ ನಿದ್ದೆ ಕೆಟ್ಟಿಲ್ಲ. 'ಪೋಸ್ಟ್' ಎಂದು ಕೂಗಿದರೆ ಅತ್ತೆ ನಗುತ್ತಾ ಬಾಗಿಲು ತೆಗೆಯುತ್ತಾರಲ್ಲ, ನಿದ್ದೆ ಕೆಟ್ಟಿರುವುದು ಅದಕ್ಕೆ. ಎಷ್ಟು ಹೇಳಿದರೂ ಅವರು ಕೇಳುವುದಿಲ್ಲ. ಮಗನ ಕಾಗದ ಬಂದಿದ್ದರೆ ಎನ್ನುತ್ತಾರೆ. ನನಗೆ ನಿಜವಾಗಿಯೂ ಹೆದರಿಕೆಯಾಗಿದೆ. ಬರೆದು ಕೊಡು ಎಂದಿರಿ, ಬರೆದು ಕೊಟ್ಟಿದ್ದೇನೆ. ರಜೆ ಹಾಕಿ ಕೂಡಲೇ ಬನ್ನಿ.

ಅತ್ತೆಯ ಆಶೀರ್ವಾದ, ದೀಕ್ಷಿತಾಳ ನಮಸ್ಕಾರ. ಮಾತ್ರೆ ಮರೆಯಬೇಡಿ.

ನಿಮ್ಮ
ಚಂದ್ರಾವತಿ

ವಿ.ಸೂ.: ಲಕೋಟೆಗೆ ವಿಳಾಸ ಬರೆಯುತ್ತಿದ್ದಾಗ ಹನ್ನೊಂದೂ ಇಪ್ಪತ್ತಕ್ಕೆ ಹೊರಗಿನಿಂದ 'ಪೋಸ್ಟ್' ಎಂದು ಕೂಗಿದರು. ಅತ್ತೆ ಏಳುವುದರೊಳಗೆ ನಾನೇ ಹೋದೆ, ಮರದ ಬಾಗಿಲು ಮಾತ್ರ ತೆಗೆದೆ, ಹೊರಗಿನ ಗ್ರಿಲ್ಲಿನ ಬೀಗ ತೆಗೆಯಲಿಲ್ಲ. ಇಸ್ತ್ರಿ ಮಾಡಿದ ಅಂಗಿ ಹಾಕಿದ ಒಬ್ಬ, ಅವನ ಹಿಂದೆ ಮೆಟ್ಟಿಲ ಮೇಲೆ ಇನ್ನಿಬ್ಬರು. ಕೈಯಲ್ಲಿ ಕಾಗದ ಪತ್ರ ಏನೂ ಇರಲಿಲ್ಲ, ನಮ್ಮ ಫಾರಂ ಇತ್ತು. ನನ್ನನ್ನು ನೋಡಿ ಅವನಿಗೇ ಗಾಬರಿಯಾಯಿತು. "ಬೌದಿ, ಇವತ್ತು ಶಾಲೆಗೆ ಹೋಗಲಿಲ್ಲವಾ?" ಎಂದು ಸ್ವಂತ ಅತ್ತಿಗೆಯನ್ನು ಕೇಳುವ ಹಾಗೆ ಕೇಳಿದ. ನಾನು ಮೇಲಿನ ಮನೆಯವರನ್ನು ಹೆಸರು ಹಿಡಿದು ಕೂಗಿದೆ, ಆ ಮೂವರೂ ಮೆಟ್ಟಿಲಿಳಿದು ಹೋದರು, ಓಡಲಿಲ್ಲ, ನಡೆದೇ ಹೋದರು. ನೀವು ಪ್ರತಿ ಪುಟಕ್ಕೂ ಒತ್ತಿದ ಸೀಲು ನೇರಳೆ ಬಣ್ಣದ್ದು, ಅವನ ಪ್ರತಿಯಲ್ಲಿ ಅದು ಕಪ್ಪಾಗಿತ್ತು. ಅಂದರೆ ಅದು ಜೆರಾಕ್ಸು. ಏಳರಲ್ಲಿ ನಾಲ್ಕು ಉಳಿದಿವೆ ಎಂದು ಲೆಕ್ಕ ಹಾಕಿದ್ದೆ, ಎಷ್ಟಿವೆಯೋ ಯಾರಿಗೆ ಗೊತ್ತು. ನಿಮ್ಮ ಬ್ರಾಂಚಿಗೆ ಫೋನ್ ಮಾಡಿದರೆ ಆಡಿಟ್ ನಡೆಯುತ್ತಿದೆ, ಸಾಹೇಬರು ಎದ್ದು ಬರುವ ಹಾಗಿಲ್ಲ ಎಂದರು. ಅತ್ತೆಗೆ ಚಪ್ಪಲಿ ಹಾಕಿಸಿದ್ದೇನೆ, ದೀಕ್ಷಿತಾಳನ್ನು ಕಾಲೇಜಿನಿಂದಲೇ ಕರೆದುಕೊಂಡು ಹೋಗುತ್ತೇನೆ. ಎಲ್ಲಿಗೆ ಎಂದು ಕಾಗದದಲ್ಲಿ ಬರೆಯುವುದಿಲ್ಲ, ತಲುಪಿದ ಮೇಲೆ ನಾನೇ ನಿಮಗೆ ಫೋನ್ ಮಾಡುತ್ತೇನೆ. ನೀವು ಮಾತ್ರ ಮನೆಯ ನಂಬರಿಗೆ ಮಾಡಬೇಡಿ. ಯಾರಾದರೂ ಎತ್ತಿಕೊಂಡಾರು.