ಕಿಟಕಿಯ ಗಿಡ ಕುಡಿದ ನೀರು

ಅಕ್ಕಾ,

ನೀನು ಏಳುವ ಮೊದಲೇ ಹೊರಟಿದ್ದೇನೆ, ಎಚ್ಚರವಾಗಿದ್ದರೆ ಜಗಳವಾಗುತ್ತಿತ್ತು. ಸಂಜೆ ಆರಕ್ಕೆ ಬರುತ್ತೇನೆ.

ಹೊಟ್ಟೆಯ ಎಡಗಡೆಗೆ ಅಂಟಿಸಿದ ಮಲದ ಚೀಲವನ್ನು ನಿನ್ನೆ ತಾನೇ ಬದಲಿಸಿದ್ದೇವೆ, ಇಂದು ಕಿತ್ತು ನೋಡಬೇಡ. ಬಲಗಡೆಯ ಮೂತ್ರದ ಚೀಲ ಅರ್ಧ ತುಂಬುತ್ತಲೇ ಅಡಿಯ ನಲ್ಲಿ ತಿರುಗಿಸಿ ಖಾಲಿ ಮಾಡು. ಆದರೆ ಅದು ತುಂಬಿದರೆ ತಾನೇ!

ಹತ್ತು ದಿನದಿಂದ ಅದರಲ್ಲಿ ಕಷಾಯದ ಬಣ್ಣದ್ದು ಒಂದಿಷ್ಟೇ ಇಳಿಯುತ್ತಿದೆ. ನೀರು ಕುಡಿದೆಯಾ ಎಂದು ಕೇಳಿದರೆ, "ಕುಡಿದಾಯ್ತಪ್ಪಾ, ಬೇಕಾದ್ರೆ ಚೊಂಬು ನೋಡ್ಕೋ" ಎಂದು ನನ್ನ ಬಾಯಿ ಮುಚ್ಚಿಸಿದೆ. ನಾನೂ ನಂಬಿದೆ. ಇಂದು ನಿನ್ನ ಮಂಚದ ಪಕ್ಕದ ಕಿಟಕಿ ತೆರೆದರೆ, ನಿನ್ನ ಶಸ್ತ್ರಚಿಕಿತ್ಸೆಯ ದಿನಗಳಲ್ಲಿ ಒಣಗಿ ಕಡ್ಡಿಯಾಗಿದ್ದ ಗಿಡದಲ್ಲಿ ಏಳು ಹೊಸ ಎಲೆ! ನಾನು ಓದಿದ ಅಷ್ಟೂ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ಗಿಡವೂ ಹೀಗೆ ಸಾಕ್ಷಿ ನುಡಿದದ್ದಿಲ್ಲ.

ಚೀಲ ತುಂಬದಿರಲೆಂದು ಬಾಯಾರಿ ಕೂರುವುದು ಯಾವ ಸೀಮೆಯ ಜಾಣತನ? ನೀರು ಸಾಲದಿದ್ದರೆ ಮೂತ್ರಪಿಂಡಕ್ಕೆ ಸೋಂಕು ತಗಲಿ ಮತ್ತೆ ಆಸ್ಪತ್ರೆ ಸೇರಬೇಕಾದೀತೆಂದು ನರ್ಸಮ್ಮ ನಿನ್ನೆದುರೇ ಹೇಳಿದ್ದರು. ಯಾವ ಊರಿನಲ್ಲೂ ತಿಂಗಳು ನಿಲ್ಲದ ನಾನು ನಾಲ್ಕು ತಿಂಗಳಿಂದ ಇಲ್ಲಿ ಬೇರೂರಿರುವುದು ಗಿಡ ಚಿಗುರಿಸುವುದಕ್ಕೇ?

ತಮ್ಮನ ಕೈಯಲ್ಲಿ ಚೀಲ ಖಾಲಿ ಮಾಡಿಸಲು ನಿನಗೆ ನಾಚಿಕೆಯೆಂದು ಬಲ್ಲೆ. ಬಾಯಿಬಿಟ್ಟು ಹೇಳಬಾರದಿತ್ತೇ? ಅದಕ್ಕಾಗಿಯೇ ಇಂದು ಮನೆಯನ್ನು ಪೂರ್ತಿ ನಿನಗೆ ಬಿಟ್ಟಿದ್ದೇನೆ. ನಿನ್ನ ಕೈಯಾರೆ ಮಾಡಿಕೋ, ಯಾರೂ ನೋಡುವವರಿಲ್ಲ.

ಮೂರು ಚೊಂಬು ನೀರು ಮಂಚದ ಪಕ್ಕದಲ್ಲಿದೆ. ಗಿಡವನ್ನು ಕುಂಡದ ಸಮೇತ ನನ್ನೊಂದಿಗೆ ಹೊತ್ತೊಯ್ಯುತ್ತಿದ್ದೇನೆ.

ನಿನ್ನ ಅಲೆಮಾರಿ